ಮಹತ್ವಕ್ಕೊಂದು ಅಳತೆ, ಗುಣಕ್ಕೊಂದು ಅಳತೆ

ಅಂಕ ಕೊಡುವುದು ನಮ್ಮ ಕಾಲದ ದೊಡ್ಡ ಕಸುಬುಗಳಲ್ಲಿ ಒಂದು. ಮಕ್ಕಳಿಗೆ ಅಂಕ, ಮಕ್ಕಳು ಓದುವ ಶಾಲೆಗೂ ಅಂಕ, ಹೋಟೆಲಿಗೆ ನಕ್ಷತ್ರ, ನಗರಗಳಿಗೆ ಸ್ವಚ್ಛತೆಯ ಸ್ಥಾನ, ಆಸ್ಪತ್ರೆಗಳಿಗೆ ದರ್ಜೆ. ಅಂಕ ಸಿಕ್ಕಿದವರು ಹಿಗ್ಗುತ್ತಾರೆ, ಸಿಗದವರು ಕುಗ್ಗುತ್ತಾರೆ. ಆದರೆ ಅಂಕ ಕೊಡುವಾಗ ನಿಜವಾಗಿ ಅಳೆಯುತ್ತಿರುವುದು ಏನನ್ನು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ನಾವು ಇಲ್ಲಿ ಆರಿಸಿಕೊಂಡಿರುವ ಉದಾಹರಣೆ ಓದುಗರಿಗೆ ತುಸು ವಿಚಿತ್ರವಾಗಿ ಕಾಣಬಹುದು. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಅಮೆರಿಕದ ಹೆದ್ದಾರಿಗಳ ಬಗ್ಗೆ ಸಾವಿರಾರು ಲೇಖನಗಳಿವೆ. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರ ಒಂದು ಗುಂಪು ಈ ಲೇಖನಗಳನ್ನು ಬರೆದು, ತಿದ್ದಿ, ಒಂದೊಂದಕ್ಕೂ ದರ್ಜೆ ಕೊಡುತ್ತ ಬಂದಿದೆ. ನಮ್ಮ ಮಾತು ಆ ದರ್ಜೆಗಳ ಬಗ್ಗೆ.

ರಸ್ತೆಯ ಬಗ್ಗೆ ಬರೆದ ಲೇಖನಕ್ಕೆ ದರ್ಜೆ ಕೊಟ್ಟರೇನು, ಬಿಟ್ಟರೇನು ಎಂದು ಯಾರಾದರೂ ಕೇಳಬಹುದು. ಯಾರ ಹೊಟ್ಟೆಯೂ ಇದರಿಂದ ತುಂಬುವುದಿಲ್ಲ, ಯಾರ ಕೆಲಸವೂ ಹೋಗುವುದಿಲ್ಲ. ಹಾಗಿರುವುದರಿಂದಲೇ ಇದು ನಮಗೆ ಉಪಯುಕ್ತ. ಹಣ, ಜಾತಿ, ಅಧಿಕಾರಗಳ ಗದ್ದಲವಿಲ್ಲದ ಜಾಗದಲ್ಲಿ ನಿಂತು ನೋಡಿದರೆ ಅಳತೆಯ ಸಮಸ್ಯೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಕಂಡದ್ದನ್ನು ಆಮೇಲೆ ನಮ್ಮ ಬದುಕಿಗೆ ಹೋಲಿಸಿ ನೋಡಬಹುದು.

ಈ ಪದ್ಧತಿಯಲ್ಲಿ ಪ್ರತಿಯೊಂದು ಲೇಖನಕ್ಕೂ ಎರಡು ಗುರುತುಗಳು. ಮೊದಲನೆಯದು ಗುಣಮಟ್ಟದ ಗುರುತು. ನಾಲ್ಕು ಸಾಲಿನ ಬರಹವಾದರೆ ಅದು 'ಚುಟುಕು'. ಅದಕ್ಕಿಂತ ಮೇಲೆ 'ಆರಂಭ', ಅದರ ಮೇಲೆ 'ಸಿ', 'ಬಿ', ಬಳಿಕ 'ಉತ್ತಮ ಲೇಖನ', 'ಎ', ಎಲ್ಲಕ್ಕೂ ಮೇಲೆ 'ವಿಶೇಷ ಲೇಖನ'. ಕೆಳಗಿನ ದರ್ಜೆಗಳನ್ನು ಯಾವ ಸಂಪಾದಕನಾದರೂ ಕೊಡಬಹುದು. 'ಉತ್ತಮ ಲೇಖನ' ಆಗಬೇಕಾದರೆ ಲೇಖನ ಬರೆಯದ ಮತ್ತೊಬ್ಬರು ಓದಿ ಪರಿಶೀಲಿಸಬೇಕು. 'ವಿಶೇಷ ಲೇಖನ' ಆಗಬೇಕಾದರೆ ಹಲವರು ಸೇರಿ ಸಾಲು ಸಾಲಾಗಿ ಪ್ರಶ್ನಿಸುತ್ತಾರೆ. ಎರಡನೆಯದು ಮಹತ್ವದ ಗುರುತು. ಅದಕ್ಕೆ ನಾಲ್ಕು ಮೆಟ್ಟಿಲು: ಅತ್ಯುನ್ನತ, ಹೆಚ್ಚು, ಮಧ್ಯಮ, ಕಡಿಮೆ. ಒಂದು ಗುರುತು ಹೇಳುವುದು 'ಇದನ್ನು ಎಷ್ಟು ಚೆನ್ನಾಗಿ ಬರೆದಿದ್ದಾರೆ' ಎಂದು. ಇನ್ನೊಂದು ಹೇಳುವುದು 'ಇದರ ಬಗ್ಗೆ ಬರೆಯುವುದು ಎಷ್ಟು ಅಗತ್ಯ' ಎಂದು.

ನಮ್ಮ ನಿತ್ಯದ ಬದುಕಿನಲ್ಲಿ ಈ ಎರಡು ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗಿವೆ. ದೊಡ್ಡ ಮನುಷ್ಯರ ಮನೆಯ ಮದುವೆಯ ಸುದ್ದಿಯನ್ನು ಎಚ್ಚರದಿಂದ ಬರೆಯುತ್ತೇವೆ. ಕೂಲಿಯವನ ಸಾವಿನ ಸುದ್ದಿಯಲ್ಲಿ ಹೆಸರು ತಪ್ಪಾದರೂ ಯಾರೂ ಕೇಳುವುದಿಲ್ಲ. ಮಹತ್ವ ಕಡಿಮೆಯಾದಲ್ಲಿ ಗುಣವೂ ಕಡಿಮೆಯಾದರೆ ಪರವಾಗಿಲ್ಲ ಎಂಬ ಒಪ್ಪಂದ ನಮ್ಮೊಳಗೆ ಸದ್ದಿಲ್ಲದೆ ನಡೆದುಹೋಗಿದೆ. ಹೆದ್ದಾರಿ ಲೇಖನಗಳ ಪದ್ಧತಿ ಈ ಎರಡನ್ನೂ ಎರಡು ಬೇರೆ ಕಾಲಮ್ಮುಗಳಲ್ಲಿ ಇಟ್ಟಿದೆ. ಅಷ್ಟರಮಟ್ಟಿಗೆ ಅದು ನಮಗಿಂತ ಪ್ರಾಮಾಣಿಕವಾದದ್ದು.

ಪೆಟ್ಟಿಗೆಗೆ ಏನನ್ನು ತುಂಬಬೇಕು?

ಮಹತ್ವ ಅಳೆಯುವ ಅಭ್ಯಾಸ ಹೊಸತೇನಲ್ಲ. ಅಚ್ಚಿನ ವಿಶ್ವಕೋಶಗಳ ಕಾಲದಲ್ಲಿ ಅದು ಪುಟಗಳ ರೂಪದಲ್ಲಿತ್ತು. 1936ರಲ್ಲಿ ಶಿವರಾಮ ಕಾರಂತರು 'ಬಾಲ ಪ್ರಪಂಚ' ಹೊರತಂದಾಗ ಇಡೀ ಜಗತ್ತನ್ನು ಮೂರು ಸಂಪುಟಗಳಲ್ಲಿ ಹಿಡಿಸಬೇಕಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ಕ್ಕೆ ಹದಿನಾಲ್ಕು ಸಂಪುಟಗಳಿದ್ದವು. ಹದಿನಾಲ್ಕಾದರೂ ಅದಕ್ಕೊಂದು ಮಿತಿ ಇದ್ದೇ ಇತ್ತು. ಒಂದು ವಿಷಯಕ್ಕೆ ಎರಡು ಪುಟ, ಇನ್ನೊಂದಕ್ಕೆ ಅರ್ಧ ಕಾಲಮ್, ಮತ್ತೊಂದಕ್ಕೆ ಜಾಗವೇ ಇಲ್ಲ ಎಂದು ಯಾರೋ ನಿರ್ಧರಿಸಲೇಬೇಕು. ಯಾವ ವಿಶ್ವಕೋಶವಾದರೂ ಈ ಕತ್ತರಿಯಿಂದ ತಪ್ಪಿಸಿಕೊಳ್ಳಲಾರದು. ಕಾಗದಕ್ಕೆ ದುಡ್ಡು ಬೇಕು, ಸಂಪುಟಕ್ಕೆ ಬೆನ್ನು ಬೇಕು.

2001ರಲ್ಲಿ ಆರಂಭವಾದ ವಿಕಿಪೀಡಿಯಾಕ್ಕೆ ಕಾಗದದ ಕಟ್ಟು ಇರಲಿಲ್ಲ. ಬೇಕಾದಷ್ಟು ಬರೆಯಬಹುದು, ಜಾಗ ಮುಗಿಯುವುದಿಲ್ಲ. ಹಾಗಿದ್ದೂ ಮಹತ್ವದ ಪ್ರಶ್ನೆ ಹಿಂದಿನ ಬಾಗಿಲಿನಿಂದ ಒಳಗೆ ಬಂತು. ಅಂತರ್ಜಾಲ ಸಿಗದವರಿಗೂ ವಿಕಿಪೀಡಿಯಾ ತಲುಪಬೇಕು, ಅದಕ್ಕಾಗಿ ಆಯ್ದ ಲೇಖನಗಳನ್ನು ಸಿ.ಡಿ.ಯಲ್ಲೋ ಅಚ್ಚಿನಲ್ಲೋ ಕೊಡಬೇಕು ಎಂಬ ಯೋಜನೆ ಹುಟ್ಟಿತು. 2007ರಲ್ಲಿ ಸುಮಾರು 2,000 ಲೇಖನಗಳ ಒಂದು ಸಿ.ಡಿ. ಹೊರಬಂತು. ಲಕ್ಷಗಟ್ಟಲೆ ಲೇಖನಗಳಲ್ಲಿ ಎರಡು ಸಾವಿರವನ್ನು ಆರಿಸುವುದು ಹೇಗೆ? ಯಾವ ವಿಷಯ ಮುಖ್ಯ, ಯಾವ ಲೇಖನ ಚೆನ್ನಾಗಿದೆ ಎಂಬ ಪಟ್ಟಿ ಬೇಕಾಯಿತು. ಆಯಾ ವಿಷಯ ಬಲ್ಲ ಗುಂಪುಗಳೇ ಈ ಕೆಲಸ ವಹಿಸಿಕೊಂಡವು. ಹೆದ್ದಾರಿಗಳ ಗುಂಪು ತನ್ನ ಲೇಖನಗಳನ್ನು ಅಳೆಯಿತು.

ಮಹತ್ವದ ಈ ಹುಟ್ಟನ್ನು ನಾವು ಮರೆಯಬಾರದು. ಪ್ರಯಾಣ ಹೊರಡುವವನು ಪೆಟ್ಟಿಗೆಗೆ ಏನು ತುಂಬಬೇಕು ಎಂದು ಯೋಚಿಸುವ ಹಾಗೆ ಅದು ಹುಟ್ಟಿದ್ದು. ಪೆಟ್ಟಿಗೆ ಚಿಕ್ಕದು, ಮನೆ ದೊಡ್ಡದು. ಪೆಟ್ಟಿಗೆಯಲ್ಲಿ ಹಿಡಿಸದ ವಸ್ತು ಬೆಲೆಯಿಲ್ಲದ ವಸ್ತು ಎಂದು ಯಾರೂ ಹೇಳುವುದಿಲ್ಲ. ಅಜ್ಜಿಯ ಪೆಠಾರಿಯನ್ನು ಯಾರೂ ರೈಲಿನಲ್ಲಿ ಹೊತ್ತೊಯ್ಯುವುದಿಲ್ಲ, ಹಾಗೆಂದು ಅದನ್ನು ಬೀದಿಗೆ ಎಸೆಯುವುದೂ ಇಲ್ಲ. ಆದರೆ ಪಟ್ಟಿ ಒಮ್ಮೆ ತಯಾರಾದರೆ ಅದು ಏತಕ್ಕಾಗಿ ತಯಾರಾಯಿತು ಎಂಬುದು ಜನರಿಗೆ ಮರೆತುಹೋಗುತ್ತದೆ. 'ಕಡಿಮೆ ಮಹತ್ವ' ಎಂಬ ಚೀಟಿ ಮಾತ್ರ ಉಳಿಯುತ್ತದೆ.

ಎಂಟು ಮೈಲಿಯ ರಸ್ತೆ

ಮೊದಲು ಗುಣದ ಕಡೆ ನೋಡೋಣ. ಮಿಷಿಗನ್ ರಾಜ್ಯದ ಉತ್ತರದಲ್ಲಿ, ಹ್ಯೂರಾನ್ ಸರೋವರದಲ್ಲಿ, ಮ್ಯಾಕಿನಾ ಎಂಬ ಸಣ್ಣ ದ್ವೀಪವಿದೆ. ದ್ವೀಪವನ್ನು ಸುತ್ತಿಬರುವ ಒಂದು ರಸ್ತೆಯಿದೆ. ಹೆಸರು ಎಂ-185, ಉದ್ದ ಸುಮಾರು 8 ಮೈಲಿ, ಅಂದರೆ 13 ಕಿಲೋಮೀಟರಿನ ಆಸುಪಾಸು. ದ್ವೀಪದ ಊರಿನಲ್ಲಿ 1898ರಲ್ಲೇ ಮೋಟಾರು ವಾಹನಗಳನ್ನು ನಿಷೇಧಿಸಲಾಯಿತು. 1933ರಲ್ಲಿ ಈ ರಸ್ತೆಗೆ ರಾಜ್ಯ ಹೆದ್ದಾರಿಯ ಪಟ್ಟ ಸಿಕ್ಕಿತು, ಆದರೂ ನಿಷೇಧ ಹೋಗಲಿಲ್ಲ. ಇಂದಿಗೂ ಅಲ್ಲಿ ಓಡಾಡುವುದು ಕುದುರೆ ಗಾಡಿ, ಸೈಕಲ್ಲು ಮತ್ತು ಕಾಲ್ನಡಿಗೆಯವರು. ಆಂಬುಲೆನ್ಸು, ಅಗ್ನಿಶಾಮಕದಂಥ ತುರ್ತು ವಾಹನಗಳಿಗೆ ವಿನಾಯಿತಿಯಿದೆ. ಅಮೆರಿಕದಲ್ಲಿ ಮೋಟಾರು ವಾಹನ ಓಡದ ರಾಜ್ಯ ಹೆದ್ದಾರಿ ಇದೊಂದೇ.

ಸಾಗಾಟದ ಲೆಕ್ಕದಲ್ಲಿ ನೋಡಿದರೆ ಈ ರಸ್ತೆಗೆ ಯಾವ ಮಹತ್ವವೂ ಇಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ, ಹೊರಟಲ್ಲಿಗೇ ಬಂದು ಸೇರುತ್ತದೆ. ಆದರೂ ಈ ರಸ್ತೆಯ ಕುರಿತ ಲೇಖನ 'ವಿಶೇಷ ಲೇಖನ'ದ ದರ್ಜೆಗೆ ಏರಿತು. ಯಾರೋ ಕುಳಿತು ಹಳೆಯ ನಕ್ಷೆ, ಪತ್ರಿಕೆ, ಸರಕಾರದ ಕಡತಗಳನ್ನು ಹುಡುಕಿ ಒಂದೊಂದು ವಾಕ್ಯಕ್ಕೂ ಆಧಾರ ಕೊಟ್ಟರು. ಬೇರೆ ಯಾರೋ ಅದನ್ನು ಓದಿ 'ಈ ವರ್ಷ ಸರಿಯೇ? ಈ ಮಾತಿಗೆ ಸಾಕ್ಷಿ ಎಲ್ಲಿ?' ಎಂದು ಕೇಳಿದರು.

ಇದರಲ್ಲಿ ನಮಗೊಂದು ನೀತಿ ಕಾಣುತ್ತದೆ. ಅಂಗಡಿಯವನು ಒಂದು ಕ್ವಿಂಟಾಲ್ ಅಕ್ಕಿ ಕೊಳ್ಳುವವನಿಗೆ ಒಂದು ತಕ್ಕಡಿ, ಕಾಲು ಕಿಲೋ ಕೊಳ್ಳುವವಳಿಗೆ ಇನ್ನೊಂದು ತಕ್ಕಡಿ ಇಟ್ಟುಕೊಳ್ಳುವಂತಿಲ್ಲ. ವ್ಯಾಪಾರ ದೊಡ್ಡದಿರಲಿ, ಚಿಕ್ಕದಿರಲಿ, ತೂಕ ಒಂದೇ ಆಗಿರಬೇಕು. ಕಾಲು ಕಿಲೋದಲ್ಲಿ ತಪ್ಪಿದರೆ ನಷ್ಟ ಕಡಿಮೆ ಎಂದು ವಾದಿಸಬಹುದು, ಆದರೆ ಕಾಲು ಕಿಲೋ ಕೊಳ್ಳುವವಳ ಮನೆಗೆ ಆ ನಷ್ಟ ಚಿಕ್ಕದಲ್ಲ. ಜ್ಞಾನದ ವ್ಯಾಪಾರವೂ ಹೀಗೆಯೇ. ಓದುಗ ಲೇಖಕನ ಮೇಲೆ ಭರವಸೆಯಿಟ್ಟು ಓದುತ್ತಾನೆ, ಅವನ ಭರವಸೆ ಲೇಖಕನ ಬಳಿ ಇಟ್ಟ ಅಮಾನತು. ವಿಷಯ ಚಿಕ್ಕದೆಂಬ ಕಾರಣಕ್ಕೆ ಆ ಅಮಾನತಿಗೆ ಮೋಸ ಮಾಡುವ ಹಕ್ಕು ಯಾರಿಗೂ ಇಲ್ಲ.

ವಿಕಿಪೀಡಿಯಾದ ಸಂಪಾದಕ ಸಮುದಾಯವೂ ಕಾಲಕ್ರಮದಲ್ಲಿ ಇದೇ ನಿಲುವಿನತ್ತ ಬಂತು. ಹಿಂದೆ ಒಂದೇ ಲೇಖನಕ್ಕೆ ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಗುಣದ ದರ್ಜೆ ಕೊಡುತ್ತಿದ್ದವು. ಒಂದು ಗುಂಪಿಗೆ 'ಬಿ' ಆದದ್ದು ಇನ್ನೊಂದಕ್ಕೆ 'ಆರಂಭ' ಆಗಿರುತ್ತಿತ್ತು. 2023ರಲ್ಲಿ ಗುಣದ ದರ್ಜೆ ಎಲ್ಲ ಗುಂಪುಗಳಿಗೂ ಸಾಮಾನ್ಯವಾಗಿ ಒಂದೇ ಇರಲಿ ಎಂದು ತೀರ್ಮಾನವಾಯಿತು. ಮಹತ್ವದ ದರ್ಜೆಯನ್ನು ಮಾತ್ರ ಹಾಗೆ ಒಂದುಮಾಡಲಿಲ್ಲ, ಅದು ಆಯಾ ಗುಂಪಿಗೇ ಉಳಿಯಿತು. ಇದು ಬರೀ ವ್ಯವಸ್ಥೆಯ ಅನುಕೂಲಕ್ಕಾಗಿ ಮಾಡಿದ ಬದಲಾವಣೆ ಇರಬಹುದು. ಆದರೆ ಅದರೊಳಗೆ ಒಂದು ವಿವೇಕವಿದೆ. ಸತ್ಯವಾಗಿ, ಪೂರ್ಣವಾಗಿ ಬರೆದಿದೆಯೇ ಎಂಬುದು ಎಲ್ಲರಿಗೂ ಒಂದೇ ಪ್ರಶ್ನೆ. ಮುಖ್ಯವೇ ಎಂಬುದು ಕೇಳುವವರು ಯಾರು ಎಂಬುದರ ಮೇಲೆ ನಿಂತಿರುವ ಪ್ರಶ್ನೆ.

ಕಾಲಮ್ಮಿನಲ್ಲಿ ಹಿಡಿಸದ್ದು

ಹಾಗಾದರೆ ಗುಣದ ಅಳತೆಯಲ್ಲಿ ತೊಡಕೇ ಇಲ್ಲವೇ? ಇದೆ. ಹೆದ್ದಾರಿ ಗುಂಪಿನವರು ತಮ್ಮ ಕೆಲಸ ಎಷ್ಟು ಬಾಕಿಯಿದೆ ಎಂದು ತಿಳಿಯಲು ಒಂದು ಲೆಕ್ಕ ಮಾಡಿಕೊಂಡಿದ್ದರು. 'ವಿಶೇಷ ಲೇಖನ'ಕ್ಕೆ ಸೊನ್ನೆ, 'ಎ'ಗೆ 1, 'ಉತ್ತಮ'ಕ್ಕೆ 2, ಹೀಗೆ ಇಳಿಯುತ್ತ ಚುಟುಕಿಗೆ 6. ಒಂದು ರಾಜ್ಯದ ಎಲ್ಲ ಲೇಖನಗಳ ಈ ಅಂಕಗಳನ್ನು ಕೂಡಿಸಿ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಸರಾಸರಿ ಕಡಿಮೆಯಾದಷ್ಟೂ ರಾಜ್ಯ ಮುಂದೆ. ಯಾವ ರಾಜ್ಯದ ಲೇಖನಗಳು ಮುಂದಿವೆ, ಯಾವುದು ಹಿಂದೆ ಬಿದ್ದಿದೆ ಎಂದು ಕೋಷ್ಟಕ ಹಾಕಿ ನೋಡಬಹುದು.

ಇಂಥ ಲೆಕ್ಕದಿಂದ ಹುರುಪು ಬರುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಸಂಬಳವಿಲ್ಲದ ದುಡಿಮೆಗೆ ಇಷ್ಟಾದರೂ ಸಂತೋಷ ಬೇಡವೇ? ಆದರೆ ಲೆಕ್ಕಕ್ಕೆ ತನ್ನದೇ ಒಂದು ಸ್ವಭಾವವಿದೆ. ಕೆಲಸವನ್ನು ತೋರಿಸಲು ಬಂದ ಅಂಕ ನಿಧಾನವಾಗಿ ಕೆಲಸವನ್ನೇ ಆಳತೊಡಗುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಜಿಲ್ಲೆಗಳಿಗೆ ಸ್ಥಾನ ಕೊಡುವ ನಮ್ಮ ರಾಜ್ಯದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗು ಕಲಿತಿತೇ ಎಂಬ ಪ್ರಶ್ನೆ ಹಿಂದೆ ಸರಿದು ಜಿಲ್ಲೆ ಎಷ್ಟನೆಯದು ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಹೆದ್ದಾರಿಯ ಲೇಖನ ಪೂರ್ಣವಾಯಿತು ಎನ್ನಲು ಮುಖ್ಯವಾಗಿ ಮೂರು ಭಾಗಗಳು ಬೇಕು: ರಸ್ತೆ ಎಲ್ಲಿಂದ ಎಲ್ಲಿಗೆ ಹೇಗೆ ಹೋಗುತ್ತದೆ ಎಂಬ ವಿವರ, ಅದರ ಇತಿಹಾಸ, ಅದು ಕೂಡುವ ಅಡ್ಡರಸ್ತೆಗಳ ಪಟ್ಟಿ. ಮೂರೂ ಇದ್ದರೆ ಲೇಖನ ಮೆಟ್ಟಿಲು ಹತ್ತುತ್ತದೆ. ಇವು ಮೂರೂ ಬೇಕಾದವೇ. ಆದರೆ ರಸ್ತೆಯ ಬಗ್ಗೆ ತಿಳಿಯಬೇಕಾದದ್ದು ಈ ಮೂರರಲ್ಲಿ ಮುಗಿಯುತ್ತದೆಯೇ?

ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ರೊಂಡೊ ಎಂಬ ಬಡಾವಣೆಯಿತ್ತು. ನಗರದ ಕಪ್ಪು ಜನರ ಮನೆ, ಅಂಗಡಿ, ಇಗರ್ಜಿಗಳಿದ್ದ ಜೀವಂತ ಕೇರಿ ಅದು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅಂತರರಾಜ್ಯ ಹೆದ್ದಾರಿಗಳ ಕಾಯಿದೆಗೆ ಸಹಿ ಹಾಕಿದ ಮೇಲೆ ದೇಶದ ಉದ್ದಗಲಕ್ಕೂ ಹೊಸ ರಸ್ತೆಗಳು ಬಂದವು. ಐ-94 ಎಂಬ ಹೆದ್ದಾರಿ ರೊಂಡೊದ ನಡುವೆಯೇ ಹಾದುಹೋಯಿತು. ನೂರಾರು ಮನೆಗಳು ನೆಲಸಮವಾದವು, ಕೇರಿ ಎರಡು ಹೋಳಾಯಿತು. ಮಯಾಮಿಯ ಓವರ್‌ಟೌನ್, ನ್ಯೂ ಆರ್ಲಿಯನ್ಸಿನ ಕ್ಲೇಬೋರ್ನ್ ಬೀದಿಯ ಕಥೆಯೂ ಇಂಥದೇ. 2015ರಲ್ಲಿ ಸೇಂಟ್ ಪಾಲ್ ನಗರದ ಮೇಯರ್ ರೊಂಡೊದ ಜನರ ಮುಂದೆ ನಿಂತು ಬಹಿರಂಗವಾಗಿ ಕ್ಷಮೆ ಕೇಳಿದರು.

ಈಗ ಯೋಚಿಸಿ. ಇಂಥ ಹೆದ್ದಾರಿಯ ಬಗ್ಗೆ ಒಬ್ಬ ಲೇಖಕ 'ಈ ಭಾಗವನ್ನು ಇಂಥ ವರ್ಷ ಸಂಚಾರಕ್ಕೆ ತೆರೆಯಲಾಯಿತು' ಎಂದಷ್ಟೇ ಬರೆದರೂ ಇತಿಹಾಸದ ಕಾಲಮ್ ತುಂಬುತ್ತದೆ. ವರ್ಷ ಸರಿಯಿರುತ್ತದೆ, ಆಧಾರ ಸರಿಯಿರುತ್ತದೆ, ವಾಕ್ಯದಲ್ಲಿ ಒಂದೂ ಸುಳ್ಳಿರುವುದಿಲ್ಲ. ಆದರೂ ಒಂದು ಕೇರಿಯೇ ಆ ವಾಕ್ಯದ ಕೆಳಗೆ ಹೂತುಹೋಗಿರುತ್ತದೆ. ಸುಳ್ಳು ಹೇಳದಿರುವುದು ಸತ್ಯದ ಮೊದಲ ಮೆಟ್ಟಿಲು ಮಾತ್ರ. ಕೇಳಬೇಕಾದದ್ದನ್ನು ಕೇಳಿದೆಯೇ ಎಂಬುದು ಅದರ ಮೇಲಿನ ಮೆಟ್ಟಿಲು, ಅದಕ್ಕೆ ಯಾವ ಕೋಷ್ಟಕದಲ್ಲೂ ಖಾನೆ ಇರುವುದಿಲ್ಲ. ಅದನ್ನು ನೋಡುವುದು ಅಳೆಯುವವನ ಕಣ್ಣಿನ ಜವಾಬ್ದಾರಿ.

ಯಾರಿಗೆ ಮುಖ್ಯ?

ಇನ್ನು ಮಹತ್ವದ ಅಳತೆ. ಹೆದ್ದಾರಿ ಗುಂಪಿನಲ್ಲಿ ಸ್ಥೂಲವಾಗಿ ಒಂದು ಕ್ರಮವಿತ್ತು. ಇಡೀ ವ್ಯವಸ್ಥೆಯ ಬಗೆಗಿನ ಲೇಖನಗಳು ಮೇಲೆ, ದೇಶದ ಉದ್ದಕ್ಕೆ ಹೋಗುವ ಹೆದ್ದಾರಿಗಳು ಅದರ ಕೆಳಗೆ, ರಾಜ್ಯದ ರಸ್ತೆಗಳು ಇನ್ನೂ ಕೆಳಗೆ. ಈ ಕ್ರಮ ತಪ್ಪಲ್ಲ. ಕೆಲಸ ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯಲು ಏನಾದರೂ ಒಂದು ಕ್ರಮ ಬೇಕೇ ಬೇಕು. ಆದರೆ ರಸ್ತೆಗಳು ಈ ಕ್ರಮಕ್ಕೆ ಯಾವಾಗಲೂ ಬಗ್ಗುವುದಿಲ್ಲ.

ಷಿಕಾಗೋದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾವರೆಗೆ ಸುಮಾರು 3,900 ಕಿಲೋಮೀಟರ್ ಹೋಗುತ್ತಿದ್ದ 66ನೇ ಹೆದ್ದಾರಿ 1926ರಲ್ಲಿ ಹುಟ್ಟಿ 1985ರಲ್ಲಿ ಅಧಿಕೃತ ಪಟ್ಟಿಯಿಂದ ಹೊರಬಿತ್ತು. ಸರಕಾರದ ಲೆಕ್ಕದಲ್ಲಿ ಅದು ಈಗ ಇಲ್ಲ. ಜನರ ನೆನಪಿನ ಲೆಕ್ಕದಲ್ಲಿ ಅದರಷ್ಟು ಹೆಸರಾದ ರಸ್ತೆ ಆ ದೇಶದಲ್ಲಿ ಮತ್ತೊಂದಿಲ್ಲ. ಬರಗಾಲದಲ್ಲಿ ಹೊಲ ಕಳೆದುಕೊಂಡವರು ಪಶ್ಚಿಮಕ್ಕೆ ಗುಳೆ ಹೋದದ್ದು ಅದೇ ದಾರಿಯಲ್ಲಿ.

ಯು.ಎಸ್. 80 ಎಂಬ ಇನ್ನೊಂದು ಹೆದ್ದಾರಿಯನ್ನು ನೋಡಿ. ಅಲಬಾಮಾದ ಸೆಲ್ಮಾ ಊರಿನಿಂದ ಮಾಂಟ್‌ಗೊಮರಿಗೆ ಅದರ ಉದ್ದ 54 ಮೈಲಿ. 1965ರ ಮಾರ್ಚ್ 7ರಂದು ಮತದಾನದ ಹಕ್ಕಿಗಾಗಿ ಆ ರಸ್ತೆಯಲ್ಲಿ ಹೊರಟ ಕಪ್ಪು ಜನರನ್ನು ಎಡ್ಮಂಡ್ ಪೆಟ್ಟಸ್ ಸೇತುವೆ ದಾಟುತ್ತಲೇ ಪೊಲೀಸರು ಬಡಿದು ಕೆಡವಿದರು. ಮಾರ್ಚ್ 21ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಮುಂದಾಳುತನದಲ್ಲಿ ಜನ ಮತ್ತೆ ಹೊರಟು 25ರಂದು ಮಾಂಟ್‌ಗೊಮರಿ ತಲುಪಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮತದಾನ ಹಕ್ಕುಗಳ ಕಾಯಿದೆ ಬಂತು. ಆ 54 ಮೈಲಿಯ ಮಹತ್ವವನ್ನು ಯಾವ ವಾಹನ ಗಣತಿಯಿಂದ ಅಳೆಯುವುದು? ಲಾರಿ ಓಡಿಸುವವನಿಗೆ ಅದು ಒಂದು ಗಂಟೆಯ ದಾರಿ. ಓಟು ಹಾಕಲು ಬಿಡದ ಊರಿನಿಂದ ನಡೆದು ಬಂದವರಿಗೆ ಅದು ಮನುಷ್ಯರಾಗಿ ಎಣಿಕೆಗೆ ಬರುವ ದಾರಿ.

ನಮ್ಮ ಕಡೆಯೂ ರಸ್ತೆಗಳ ಮಹತ್ವ ಇದೇ ರೀತಿ ಜಾರುತ್ತಿರುತ್ತದೆ. ರಾಷ್ಟ್ರೀಯ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆಗಳು ಬಂದಾಗ ಕರಾವಳಿಯ 17ನೇ ಹೆದ್ದಾರಿ 66 ಆಯಿತು. ಕಡತದಲ್ಲಿ ಸಂಖ್ಯೆ ಬದಲಾದರೂ ಕರಾವಳಿಯ ಹಿರಿಯರ ಬಾಯಲ್ಲಿ ಅದು ಬೇಗ ಬದಲಾಗಲಿಲ್ಲ. ಇನ್ನು ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ವಯನಾಡಿಗೆ ಹೋಗುವ ರಸ್ತೆ. ಹಿಂದೆ 212, ಈಗ 766. ಕಾಡುಪ್ರಾಣಿಗಳು ವಾಹನಗಳಡಿ ಸಾಯುತ್ತವೆಂದು 2009ರಲ್ಲಿ ಅಲ್ಲಿ ರಾತ್ರಿ ಸಂಚಾರ ನಿಲ್ಲಿಸಲಾಯಿತು, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಡಿಯಾಚೆ ತರಕಾರಿ ಸಾಗಿಸುವವರಿಗೆ, ರಾತ್ರಿ ರೋಗಿಯನ್ನು ಕರೆತರುವವರಿಗೆ ಆ ರಸ್ತೆ ತೆರೆದಿರುವುದು ಮುಖ್ಯ. ಕಾಡಿನ ಜೀವಗಳಿಗೆ ಅದು ಮುಚ್ಚಿರುವುದು ಮುಖ್ಯ. 'ಹೆಚ್ಚು' ಎಂಬ ಒಂದೇ ಗುರುತಿನಲ್ಲಿ ಈ ಎರಡು ಮಾತುಗಳನ್ನೂ ಹೇಳಲು ಸಾಧ್ಯವೇ?

ಮಹತ್ವ ವಸ್ತುವಿನೊಳಗೆ ಕುಳಿತಿರುವ ಗುಣವಲ್ಲ. ಅದು ವಸ್ತುವಿಗೂ ಅದನ್ನು ನೋಡುವವರಿಗೂ ಇರುವ ಸಂಬಂಧ. 'ಯಾರಿಗೆ, ಏತಕ್ಕೆ' ಎಂದು ಸೇರಿಸದೆ 'ಮುಖ್ಯ' ಎಂದು ಹೇಳಿದರೆ ವಾಕ್ಯ ಅರ್ಧವೇ ಆಗುತ್ತದೆ. ವಿಕಿಪೀಡಿಯಾದ ಕೆಲವು ಗುಂಪುಗಳು 'ಮಹತ್ವ' ಎಂಬ ಪದವನ್ನು ಬಿಟ್ಟು 'ಆದ್ಯತೆ' ಎಂಬ ಪದವನ್ನು ಬಳಸುವುದು ನಮಗೆ ಸರಿಯೆನಿಸುತ್ತದೆ. ಆದ್ಯತೆ ಎಂದಾಗ ಅದು ನಮ್ಮ ಕೆಲಸದ ಸರದಿಯ ಮಾತು. ಮಹತ್ವ ಎಂದಾಗ ಅದು ಎದುರಿನ ವಸ್ತುವಿನ ಬೆಲೆಯ ಮಾತು. ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ವೈದ್ಯರು ಉಸಿರಾಟಕ್ಕೆ ಪರದಾಡುವವನನ್ನು ಮೊದಲು ನೋಡುತ್ತಾರೆ, ಕೈ ಮುರಿದವನನ್ನು ಕಾಯಿಸುತ್ತಾರೆ. ಕಾಯುವವನ ಪ್ರಾಣ ಅಗ್ಗ ಎಂದು ಇದರ ಅರ್ಥವಲ್ಲ. ಸರದಿ ಬಂದಾಗ ಅವನಿಗೂ ಅಷ್ಟೇ ಜಾಗ್ರತೆಯ ಚಿಕಿತ್ಸೆ ಸಿಗಬೇಕು. ಸರದಿ ಬೇರೆ, ಬೆಲೆ ಬೇರೆ. ಇವೆರಡನ್ನೂ ಒಂದು ಮಾಡಿದಲ್ಲಿ ಅನ್ಯಾಯ ಹುಟ್ಟುತ್ತದೆ.

ಎಲ್ಲವೂ ಮುಖ್ಯವೆಂದರೆ ಯಾವುದೂ ಮುಖ್ಯವಲ್ಲದಂತಾಗುತ್ತದೆ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿದೆ. ನಮ್ಮ ಸಮಯ ಕಡಿಮೆ, ಕೈಗಳು ಕಡಿಮೆ. ಆರಿಸಲೇಬೇಕು. ಆದರೆ ಆರಿಸಿದವನು 'ನನಗೆ ಇಷ್ಟೇ ಸಾಧ್ಯವಾಯಿತು' ಎನ್ನಬೇಕೇ ಹೊರತು 'ಉಳಿದದ್ದು ಅಷ್ಟಕ್ಕಷ್ಟೇ' ಎನ್ನಬಾರದು.

ಬರೆಯದಿದ್ದದ್ದು ಇಲ್ಲವೇ?

2023ರಲ್ಲಿ ಹೆದ್ದಾರಿ ಲೇಖಕರ ಬಳಗದಲ್ಲಿ ಒಂದು ಒಡಕು ಬಂತು. ವಿಕಿಪೀಡಿಯಾದ ನಿಯಮದಂತೆ ಒಂದು ವಿಷಯಕ್ಕೆ ಲೇಖನ ಇರಬೇಕಾದರೆ ಅದರ ಬಗ್ಗೆ ಸ್ವತಂತ್ರವಾದ ನಂಬಲರ್ಹ ಮೂಲಗಳು ಸಾಕಷ್ಟು ಬರೆದಿರಬೇಕು. ಸಣ್ಣ ರಾಜ್ಯ ರಸ್ತೆಗಳ ಬಗ್ಗೆ ಅಂಥ ಬರಹ ಎಷ್ಟಿದೆ? ನಕ್ಷೆಯನ್ನು ನೋಡಿ ರಸ್ತೆಯ ದಾರಿ ವಿವರಿಸಿದರೆ ಅದು ಮೂಲವನ್ನು ಆಧರಿಸಿದ ಬರಹವೇ, ಇಲ್ಲವೇ ಲೇಖಕನ ಸ್ವಂತ ಸಂಶೋಧನೆಯೇ? ಈ ವಾದ ಬೆಳೆಯಿತು. ಕೊನೆಗೆ ಅಮೆರಿಕದ ರಸ್ತೆಗಳ ಬಗ್ಗೆ ಬರೆಯುತ್ತಿದ್ದ ಹಲವರು ಹೊರನಡೆದು 'ಎಎರೋಡ್ಸ್ ವಿಕಿ' ಎಂಬ ತಮ್ಮದೇ ವಿಶ್ವಕೋಶ ಕಟ್ಟಿಕೊಂಡರು.

ಎರಡೂ ಕಡೆ ನ್ಯಾಯವಿದೆ ಎಂದು ನಮ್ಮ ಅನಿಸಿಕೆ. ಆಧಾರವಿಲ್ಲದೆ ಬರೆಯಲು ಬಿಟ್ಟರೆ ವಿಶ್ವಕೋಶ ಹರಟೆಕಟ್ಟೆಯಾಗುತ್ತದೆ. ಬೇರೆಯವರು ಬರೆದದ್ದನ್ನು ಮಾತ್ರ ಬರೆಯಬೇಕೆಂದರೆ ಈಗಾಗಲೇ ಕಣ್ಣಿಗೆ ಬಿದ್ದದ್ದೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ, ಕತ್ತಲಲ್ಲಿದ್ದದ್ದು ಕತ್ತಲಲ್ಲೇ ಉಳಿಯುತ್ತದೆ.

ಒಂಬತ್ತನೇ ಶತಮಾನದಲ್ಲಿ ಇಬ್ನ್ ಖುರ್ದಾದ್‌ಬಿಹ್ ಎಂಬವರು 'ಕಿತಾಬುಲ್ ಮಸಾಲಿಕ್ ವಲ್ ಮಮಾಲಿಕ್', ಅಂದರೆ 'ಮಾರ್ಗಗಳು ಮತ್ತು ರಾಜ್ಯಗಳ ಪುಸ್ತಕ' ಬರೆದರು. ಅವರು ಅಬ್ಬಾಸಿ ಖಲೀಫರ ಆಡಳಿತದಲ್ಲಿ ಅಂಚೆಯ ಅಧಿಕಾರಿಯಾಗಿದ್ದವರು. ಯಾವ ಊರಿನಿಂದ ಯಾವ ಊರಿಗೆ ಎಷ್ಟು ದೂರ, ನಡುವೆ ಯಾವ ತಂಗುದಾಣ ಎಂಬ ಒಣ ಪಟ್ಟಿಗಳು ಅದರಲ್ಲಿವೆ. ಓಲೆಯವನ ಕುದುರೆಗೆ ಬೇಕಾಗಿದ್ದ ಆ ಸಣ್ಣ ವಿವರಗಳು ಇಂದು ಇತಿಹಾಸಕಾರರಿಗೆ ಅಮೂಲ್ಯ ಸಾಮಗ್ರಿ. ಇಂದು 'ಕಡಿಮೆ ಮಹತ್ವ' ಎಂದು ಬರೆದಿಟ್ಟದ್ದು ಸಾವಿರ ವರ್ಷದ ಮೇಲೆ ಯಾರಿಗೆ ಬೇಕಾಗುತ್ತದೆಂದು ಯಾರು ಬಲ್ಲರು? ಆದರೆ ಅದೇ ಪುಸ್ತಕ ಇನ್ನೊಂದು ಮಾತನ್ನೂ ಹೇಳುತ್ತದೆ. ಅಧಿಕಾರದ ಅಂಚೆ ಹೋದ ದಾರಿಗೆ ದಾಖಲೆ ಸಿಕ್ಕಿತು. ಕುರಿ ಕಾಯುವವನು ನಡೆದ ದಾರಿಗೆ ಸಿಗಲಿಲ್ಲ.

ಕನ್ನಡಿಗರಾದ ನಮಗೆ ಈ ಮಾತು ಹತ್ತಿರದ್ದು. ಮ್ಯಾಕಿನಾ ದ್ವೀಪದ ಎಂಟು ಮೈಲಿಯ ಬಗ್ಗೆ ಅಷ್ಟು ಚೆನ್ನಾಗಿ ಬರೆಯಲು ಸಾಧ್ಯವಾದದ್ದು ಬರೆದವರ ಶ್ರದ್ಧೆಯಿಂದ ಮಾತ್ರವಲ್ಲ. ಅವರ ರಾಜ್ಯ ವರ್ಷ ವರ್ಷವೂ ನಕ್ಷೆ ಅಚ್ಚು ಹಾಕಿ ಉಳಿಸಿಕೊಂಡಿತ್ತು, ಹಳೆಯ ಪತ್ರಿಕೆಗಳು ಹುಡುಕಲು ಸಿಗುವಂತಿದ್ದವು. ನಮ್ಮ ಘಟ್ಟದ ಒಂದು ರಸ್ತೆಯನ್ನು ತೆಗೆದುಕೊಳ್ಳಿ. ಅದನ್ನು ಯಾವ ವರ್ಷ ಕಡಿದರು, ಕಲ್ಲು ಹೊತ್ತವರು ಯಾವ ಊರಿನವರು, ಅದಕ್ಕೂ ಮೊದಲು ಎತ್ತಿನ ಗಾಡಿ ಎಲ್ಲಿ ಇಳಿಯುತ್ತಿತ್ತು ಎಂಬುದು ಎಷ್ಟೋ ಕಡೆ ಲೋಕೋಪಯೋಗಿ ಇಲಾಖೆಯ ಹಳೆಯ ಕಡತದಲ್ಲೋ ಊರ ಹಿರಿಯರ ಬಾಯಲ್ಲೋ ಮಾತ್ರ ಇದೆ. ಕಡತ ಗೆದ್ದಲಿಗೆ ಹೋಗುತ್ತದೆ, ಹಿರಿಯರು ಮಣ್ಣಿಗೆ ಹೋಗುತ್ತಾರೆ. ಆಮೇಲೆ ಆ ರಸ್ತೆಗೆ ಮೂಲವಿಲ್ಲ, ಮೂಲವಿಲ್ಲದ್ದರಿಂದ ಲೇಖನವಿಲ್ಲ, ಲೇಖನವಿಲ್ಲದ್ದರಿಂದ ಅದು ಜಗತ್ತಿನ ಪಟ್ಟಿಯಲ್ಲೇ ಇಲ್ಲ. ಚುಟುಕಿಗಾದರೂ ಒಂದು ದರ್ಜೆಯಿದೆ. ಬರೆಯದೇ ಇದ್ದದ್ದಕ್ಕೆ ಅದೂ ಇಲ್ಲ.

ಇದು ದರ್ಜೆ ಕೊಡುವವರ ತಪ್ಪಲ್ಲ. ಆದರೆ ಪಟ್ಟಿಯ ಕೆಳಗೆ ಕಾಣುವುದೆಲ್ಲ ಕೀಳಲ್ಲ, ಪಟ್ಟಿಯಲ್ಲಿ ಕಾಣದ್ದೆಲ್ಲ ಇಲ್ಲದ್ದಲ್ಲ ಎಂಬ ಅರಿವು ಅವರಿಗಿರಬೇಕು. ನಮ್ಮ ಪಾಲಿನ ಕರ್ತವ್ಯ ಬೇರೆ. 2003ರಿಂದ ಕನ್ನಡದಲ್ಲೂ ವಿಕಿಪೀಡಿಯಾ ಇದೆ. ಅದಕ್ಕೆ ಲೇಖನ ಬರೆಯುವವರು ಬೇಕು. ಅದಕ್ಕಿಂತ ಮೊದಲು, ಆ ಲೇಖನಗಳಿಗೆ ಆಧಾರವಾಗಬಲ್ಲ ಬರಹಗಳನ್ನು ಅಚ್ಚಿಗೆ ತರುವವರು ಬೇಕು. ಊರ ಶಾಲೆಯ ಮೇಷ್ಟ್ರು, ನಿವೃತ್ತ ಓವರ್‌ಸಿಯರ್, ಹಳೆಯ ಬಸ್ ಕಂಡಕ್ಟರ್, ಇವರ ನೆನಪುಗಳನ್ನು ಕೇಳಿ, ಕಡತದೊಂದಿಗೆ ತಾಳೆ ನೋಡಿ, ವರ್ಷ ನಮೂದಿಸಿ ಸ್ಥಳೀಯ ಪತ್ರಿಕೆಯಲ್ಲೋ ಸ್ಮರಣ ಸಂಚಿಕೆಯಲ್ಲೋ ಪ್ರಕಟಿಸುವುದು ಯಾವ ಊರಿನಲ್ಲೂ ಆಗದ ಕೆಲಸವಲ್ಲ.

ಹಾಗೆ ಬರೆಯುವಾಗ ಒಂದು ಎಚ್ಚರ ಬೇಕು. ನಮ್ಮ ಊರಿನ ರಸ್ತೆ ಜಗತ್ತಿನ ಅತಿ ಮುಖ್ಯ ರಸ್ತೆ ಎಂದು ಸಾಧಿಸಲು ಹೊರಡಬಾರದು. ಅದು ನಮಗೆ ಏಕೆ ಮುಖ್ಯ ಎಂದು ಹೇಳಿದರೆ ಸಾಕು. ಅದನ್ನು ಯಾರ ಹೊಲ ಸೀಳಿ ಮಾಡಿದರು, ಯಾರ ಮನೆ ಹೋಯಿತು, ಯಾರಿಗೆ ಪೇಟೆ ಹತ್ತಿರವಾಯಿತು ಎಂಬುದನ್ನು ಬಿಡದೆ ಬರೆಯಬೇಕು. ಗೊತ್ತಿರುವಷ್ಟನ್ನೇ ಬರೆಯಬೇಕು, ಬರೆದದ್ದಕ್ಕೆ ಸಾಕ್ಷಿ ಕೊಡಬೇಕು. ಮಹತ್ವದ ಗುರುತನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಹಾಕಿಕೊಳ್ಳಲಿ, ಅದು ಕಾಲಕಾಲಕ್ಕೆ ಬದಲಾಗುವಂಥದು. ಗುಣ ಮಾತ್ರ ನಮ್ಮ ಕೈಯಲ್ಲಿದೆ. ಎಂಟು ಮೈಲಿಯ ರಸ್ತೆಯಲ್ಲೂ ಮೂರು ಸಾವಿರ ಮೈಲಿಯ ರಸ್ತೆಯಲ್ಲೂ ಒಂದು ಮೈಲಿಯ ಉದ್ದ ಒಂದೇ.